ಜೀಪ್ ಇರಲಿಲ್ಲ

“ಬ್ಯಾಕ್, ಬ್ಯಾಕ್, ಬ್ಯಾಕ್... ಸಾಕು! ಈಗ ಬಲಕ್ಕೆ ಪೂರ್ತಿ ತಿರುಗಿಸು,” ಎಂದ ಮೆಕ್ಯಾನಿಕ್.

ಮಂಚದ ಕಾಲು ಬಾಗಿಲ ಚೌಕಟ್ಟಿಗೆ ತಗುಲಿತು. ತಲೆಯ ಕಡೆ ಹಿಡಿದಿದ್ದ ಮಗ ಹಲ್ಲು ಕಚ್ಚಿ ಅರ್ಧ ಅಡಿ ಮೇಲೆತ್ತಿದ. ಒಳಕೋಣೆಯಿಂದ ಮುಂದಿನ ಕೋಣೆಗೆ ಹೆಣ ತರುವುದು ಇಷ್ಟು ಕಷ್ಟವಾದೀತೆಂದು ಯಾರೂ ಎಣಿಸಿರಲಿಲ್ಲ. ಇಲಾಖೆಯ ವಸತಿಗೃಹ ಕಟ್ಟಿದವರು ಅದರಲ್ಲಿ ಜನ ಬದುಕುವುದನ್ನೇ ಸರಿಯಾಗಿ ಯೋಚಿಸಿರಲಿಲ್ಲ, ಇನ್ನು ಸಾಯುವುದನ್ನು ಎಲ್ಲಿ ಯೋಚಿಸಿಯಾರು?

“ಬದುಕಿದ್ದಾಗಲೂ ಹೀಗೇ,” ಎಂದ ಇಲಾಖೆಯ ಗ್ಯಾರೇಜಿನ ಹಳೆಯ ಮೆಕ್ಯಾನಿಕ್, ಏದುಸಿರಿನ ನಡುವೆ. “ಒಂದು ತಿರುವು ದಾಟಬೇಕಾದ್ರೆ ಅರ್ಧ ಗಂಟೆ. ಸೈಕಲ್‌ನೋರು ಓವರ್‌ಟೇಕ್ ಮಾಡಿಕೊಂಡು ಹೋಗ್ತಿದ್ರು. ಇವತ್ತಾದ್ರೂ ಸ್ವಲ್ಪ ಬೇಗ ಹೋಗೋ ಮಾರಾಯ.”

ಯಾರೋ ನಕ್ಕರು, ತಕ್ಷಣ ಬಾಯಿ ಮುಚ್ಚಿಕೊಂಡರು. ಗೋಡೆಗೆ ಒರಗಿ ಕುಳಿತಿದ್ದ ಹೆಂಡತಿ ಮಾತ್ರ ತಲೆ ಎತ್ತಲಿಲ್ಲ.

ಸತ್ತವನು ಮೂವತ್ತೊಂದು ವರ್ಷ ಇಲಾಖೆಯ ಜೀಪ್ ಓಡಿಸಿದ ಡ್ರೈವರ್. ಎಲ್ಲರ ಬಾಯಲ್ಲೂ ಅವನು ನಿಧಾನಣ್ಣ. ನಿವೃತ್ತನಾಗಿ ಆರು ವರ್ಷವಾಗಿತ್ತು. ನಿನ್ನೆ ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದವನು ಅಲ್ಲೇ ಕುಸಿದ. ಒಂದು ಕೆನ್ನೆ ನುಣ್ಣಗಾಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಡಾಕ್ಟರು ಬರುವ ಹೊತ್ತಿಗೆ ಹೆಂಡತಿ ನೊರೆ ಒರೆಸಿದ್ದಳು. ಉಳಿದರ್ಧ ಗಡ್ಡ ಹಾಗೆಯೇ ಇತ್ತು.

ಪಕ್ಕದ ಮನೆಯ ಜವಾನ ಓಡಿ ಬಂದ. “ಸಾಹೇಬ್ರು ಬರ್ತಾರಂತೆ! ಹನ್ನೆರಡಕ್ಕೆ. ಆಫೀಸಿಗೆ ಹೇಳಿ ಕಳಿಸಿದಾರೆ.”

ಮನೆಯಲ್ಲಿ ಗಾಳಿಯೇ ಬದಲಾಯಿತು. ಸಾಹೇಬರು ಇಲಾಖೆಯ ತುದಿಗೇರಿ ನಿವೃತ್ತರಾದವರು. ನಿವೃತ್ತರಾದರೂ ಅವರು ಕೆಮ್ಮಿದರೆ ಆಫೀಸಿಗೆ ನೆಗಡಿ. ಮಗನಿಗೆ ಅಪ್ಪನ ಇಲಾಖೆಯಲ್ಲೇ ಡ್ರೈವರ್ ಕೆಲಸ ಹಾಕಿಸಿಕೊಟ್ಟವರು ಅವರೇ. ಆರು ವರ್ಷದಿಂದ ಅದು ತಾತ್ಕಾಲಿಕ. ಕಾಯಂ ಆಗುವ ಫೈಲು ಎಲ್ಲೋ ಒಂದು ಮೇಜಿನ ಮೇಲಿತ್ತು. ಈ ಮನೆ ನಿಂತಿದ್ದೂ ಆ ಕೆಲಸದ ಮೇಲೆಯೇ.

“ಒಳ್ಳೆ ಕುರ್ಚಿ ಬೇಕು,” ಎಂದ ಮಗ. “ಅಮ್ಮಾ, ಆ ಸೀರೆ ಬದಲಾಯಿಸ್ತೀಯಾ?”

“ಅವರು ನೋಡೋಕೆ ಬರೋದು ನಿಮ್ಮಪ್ಪನ್ನ. ನನ್ನನ್ನಲ್ಲ.”

ಹನ್ನೊಂದು ಗಂಟೆಗೆ ಕುರ್ಚಿ ಬಂತು. ಕುರ್ಚಿಯ ಹಿಂದೆಯೇ ಊರುಗೋಲು ಹಿಡಿದ ಒಬ್ಬ ಹೆಂಗಸೂ ಬಂದಳು. ಅರವತ್ತರ ಆಚೆಯ ವಯಸ್ಸು. ಕನ್ನಡಕದ ಎಡಗಾಜು ಕಪ್ಪು, ಬಲಗಾಜು ಬಿಳಿ. ಕೈಯಲ್ಲಿ ಆ ದಿನದ ಪತ್ರಿಕೆಯ ತುಂಡು, ಅದರಲ್ಲಿ ಮಗ ಹಾಕಿಸಿದ್ದ ಫೋಟೋ. ಬಂದವಳು ಯಾರನ್ನೂ ಮಾತಾಡಿಸದೆ ಬಾಗಿಲಲ್ಲಿ ನಿಂತಳು.

“ಒಂದು ಸಲ ಮುಖ ನೋಡಬಹುದಾ?”

“ನೋಡಿ, ಅದಕ್ಕೇನಂತೆ,” ಎಂದ ಮೆಕ್ಯಾನಿಕ್. ಹಾಗೆಂದವನು ಆ ಕಪ್ಪು ಗಾಜನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಮಂಚದ ಬಲಗಡೆಗೆ ಬಂದು ಬಗ್ಗಿದಳು. ಮುಖವನ್ನಲ್ಲ, ಕಿವಿಯನ್ನು ನೋಡಿದಳು. ನಿಧಾನಣ್ಣನ ಬಲಗಿವಿಯ ಮೇಲ್ತುದಿ ಇರಲಿಲ್ಲ. ಚಿಕ್ಕವನಿದ್ದಾಗ ನಾಯಿ ಕಚ್ಚಿ ಹೋಗಿತ್ತು. ಅವಳು ಬಹಳ ಹೊತ್ತು ಹಾಗೆಯೇ ಬಗ್ಗಿ ನಿಂತಿದ್ದಳು. 

“ಇವರೇ,” ಎಂದಳು, ತನಗೆ ತಾನೇ. ಆಮೇಲೆ ಹೆಂಡತಿಯ ಕಡೆ ತಿರುಗಿ, “ಅಮ್ಮಾ, ನಾನು ಕಾಲೋನಿ ಶಾಲೆಯಲ್ಲಿ ಟೀಚರಾಗಿದ್ದೆ. ಜೀಪ್ ಟೀಚರ್ ಅಂತಾರೆ ನನಗೆ.”

“ಗೊತ್ತು,” ಎಂದಳು ಹೆಂಡತಿ. “ಕೂತ್ಕೊಳ್ಳಿ ಟೀಚರ್.”

ಸಾಹೇಬರಿಗೆಂದು ತಂದಿದ್ದ ಕುರ್ಚಿಯಲ್ಲಿ ಟೀಚರ್ ಕುಳಿತಳು.

*

ಇಪ್ಪತ್ತೇಳು ವರ್ಷದ ಹಿಂದೆ ಕಲ್ಲುಗಣಿ ಕಾಲೋನಿಯ ಅಷ್ಟೂ ಜನರ ಹೆಸರು ಮತದಾರರ ಪಟ್ಟಿಯಿಂದ ಮಾಯವಾಗಿತ್ತು. ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಚುನಾವಣೆಗೆ ನಿಂತಿದ್ದ ಗಣಿ ಮಾಲೀಕನ ವಿರುದ್ಧ ಓಟಿಲ್ಲ. ಕಾಲೋನಿಯ ಒಬ್ಬ ದರ್ಜಿ ಮನೆ ಮನೆಗೆ ಹೋಗಿ ಅರ್ಜಿ ತುಂಬಿಸಿದ. ಅಕ್ಷರ ಬಾರದವರಿಗೆ ಟೀಚರ್ ಬರೆದುಕೊಟ್ಟಳು. ಒಂದು ಬೆಳಿಗ್ಗೆ ಮೂವತ್ತು ಚಿಲ್ಲರೆ ಜನ ಅರ್ಜಿಗಳನ್ನು ಎದೆಗೆ ಅವುಚಿಕೊಂಡು ಕಚೇರಿಯ ಕಡೆ ನಡೆದರು. ಬೆದರಿಕೆ ಇದೆ, ರಕ್ಷಣೆ ಕೊಡಿ ಎಂದು ಸಾಹೇಬರಿಗೆ ಮೂರು ದಿನ ಮುಂಚೆಯೇ ಬರೆದುಕೊಟ್ಟಿದ್ದರು.

ದಾರಿಯ ನಡುವಿನ ಸೇತುವೆಗೆ ಇನ್ನೂರು ಹೆಜ್ಜೆ ದೂರದ ತಿರುವಿನಲ್ಲಿ, ಮರಗಳ ಮರೆಯಲ್ಲಿ, ಸಾಹೇಬರು ಜೀಪ್ ನಿಲ್ಲಿಸಲು ಹೇಳಿದರು.

“ಎಂಜಿನ್ ಆಫ್ ಮಾಡು. ಗಾಜು ಏರಿಸು.”

ರಕ್ಷಣೆ ಕೊಡಲಿಕ್ಕೇ ಬಂದಿದ್ದೇವೆ ಎಂದುಕೊಂಡಿದ್ದ ನಿಧಾನಣ್ಣ. ವೈರ್‌ಲೆಸ್‌ನಲ್ಲಿ ಪೊಲೀಸರ ದನಿ ಗೊರಗುಟ್ಟಿತು: “ಸರ್, ಸೇತುವೆ ಹತ್ತಿರ ಲಾರಿಯಲ್ಲಿ ಜನ ಇಳೀತಿದಾರೆ. ನಾವು ಹೊರಡೋಣವಾ?”

“ನಾನು ಹೇಳೋವರೆಗೆ ಯಾರೂ ಅಲ್ಲಾಡಬೇಡಿ.”

ಲಾರಿಯಿಂದ ಇಳಿದವರ ಕೈಯಲ್ಲಿ ಕಲ್ಲು ಸೀಳುವ ಕಬ್ಬಿಣದ ಸರಳುಗಳಿದ್ದವು. ಗಾಜು ಏರಿಸಿದ್ದರಿಂದ ಸದ್ದು ಕೇಳಿಸಲಿಲ್ಲ. ಸರಳು ಏಳುವುದು, ಬೀಳುವುದು ಅಷ್ಟೇ ಕಾಣುತ್ತಿತ್ತು. ಅರ್ಜಿಗಳು ನೀರಿಗೆ ಹಾರಿದವು. ದರ್ಜಿ ಸೇತುವೆಯ ಕಟ್ಟೆ ಹಿಡಿದು ಏಳಲು ನೋಡಿದ, ಮತ್ತೆ ಬಿದ್ದ. ಜೀಪಿನೊಳಗೆ ಸೆಖೆ ಏರುತ್ತಿತ್ತು. ಸಾಹೇಬರು ಗಡಿಯಾರ ನೋಡಿಕೊಂಡರು.

ಆಗ ಒಬ್ಬಳು ಹೆಂಗಸು ತಿರುವಿನ ಕಡೆಗೆ ಓಡಿ ಬಂದಳು. ಮುಖದ ಎಡಭಾಗ ಪೂರ್ತಿ ಕೆಂಪು. ಸರಕಾರಿ ಜೀಪ್ ಕಂಡು ಅವಳ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಿಧಾನಣ್ಣ ಸಾಯುವವರೆಗೆ ಮರೆಯಲಿಲ್ಲ. ಅವಳು ಅವನ ಪಕ್ಕದ ಗಾಜಿಗೆ ಎರಡೂ ಅಂಗೈ ಬಡಿದಳು.

“ತೆಗೀಬೇಡ,” ಎಂದರು ಸಾಹೇಬರು.

ಅವನ ಕೈ ಹಾರನ್ನಿನ ಕಡೆ ಹೋಯಿತು. ಒಂದು ಹಾರನ್ ಸಾಕಿತ್ತು. ಸರಕಾರದವರು ಇಲ್ಲೇ ಇದ್ದಾರೆ ಎಂದು ಗೊತ್ತಾಗಿದ್ದರೆ ಆ ಗಂಡಸರು ಲಾರಿ ಹತ್ತಿ ಓಡುತ್ತಿದ್ದರು. ಸಾಹೇಬರು ಅವನ ಮಣಿಕಟ್ಟು ಹಿಡಿದುಕೊಂಡರು. ಬಿಗಿಯಾಗಿ ಅಲ್ಲ, ತಂದೆ ಮಗುವಿನ ಕೈ ಹಿಡಿದಂತೆ.

*

ಅಂದು ಜೀಪ್ ಹನ್ನೊಂದೂವರೆಗೆ ಮನೆಯ ಹಿಂದೆ ಬಂದು ನಿಂತಿತು. ಒಗೆಯುವ ಕಲ್ಲಿನ ಹತ್ತಿರ ಹೆಂಡತಿ ಬಟ್ಟೆ ಹಿಂಡುತ್ತಿದ್ದಳು. ಗಾಜಿನ ಮೇಲೆ ಹತ್ತೂ ಬೆರಳಿನ ಗುರುತು ಒಣಗಿ ಕಂದಾಗಿತ್ತು.

“ಯಾರದ್ರೀ ಇದು?”

ಅವನು ಜೀಪಿನಿಂದ ಇಳಿದ. ಹಳೆ ಬಟ್ಟೆ ತೆಗೆದುಕೊಂಡು ಉಜ್ಜತೊಡಗಿದ. ಹೋಗಲಿಲ್ಲ. “ನೀರು ಹುಯ್ಯಿ,” ಎಂದ. ಅವಳು ಕೊಡ ಎತ್ತಿ ಹುಯ್ದಳು. ಕೆಂಪು ನೀರು ಒಗೆಯುವ ಕಲ್ಲಿನ ಬುಡಕ್ಕೆ ಹರಿದು ಬಂತು. ಮೂರು ವರ್ಷದ ಮಗ ಅಲ್ಲೇ ಕುಳಿತು ಆಡುತ್ತಿದ್ದ. ಅವಳು ಒಂದು ಕೈಯಲ್ಲಿ ಅವನನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು ಮತ್ತೆ ಹುಯ್ದಳು.

ಆ ದಿನವೇ ಅವನು ಅವಳಿಗೆ ಎಲ್ಲ ಹೇಳಿದ. ಮಾರನೆಯ ದಿನ ಸಾಹೇಬರ ಕೋಣೆಯಲ್ಲಿ ಲಾಗ್‌ಬುಕ್ ತೆರೆದಿತ್ತು. ಜೀಪ್ ಆ ಬೆಳಿಗ್ಗೆ ನಲವತ್ತು ಕಿಲೋಮೀಟರ್ ದೂರದ ಉಗ್ರಾಣಕ್ಕೆ ಹೋಗಿ ಬಂದಿತ್ತು ಎಂದು ಬರೆಯಬೇಕು. ಅವನು ಬರೆದ. ಮೀಟರ್ ಮಾತ್ರ ಆರೇ ಕಿಲೋಮೀಟರ್ ತೋರಿಸುತ್ತಿತ್ತು. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಹಿಂದಿನ ಚಕ್ರಗಳನ್ನು ಜಾಕ್ ಕೊಟ್ಟು ಎತ್ತಿ, ಗೇರ್ ಹಾಕಿ ಬಿಟ್ಟ. ಜೀಪ್ ನಿಂತಲ್ಲೇ ನಿಂತು, ಎಪ್ಪತ್ತನಾಲ್ಕು ಕಿಲೋಮೀಟರ್ ಓಡಿತು.

ದರ್ಜಿ ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ. ವಿಚಾರಣೆಗೆ ಒಬ್ಬ ಅಧಿಕಾರಿ ನೇಮಕವಾದರು. ಒಂದು ಜೀಪ್ ಇತ್ತು, ಡ್ರೈವರನ ಬಲಗಿವಿಗೆ ತುದಿ ಇರಲಿಲ್ಲ ಎಂದು ಟೀಚರ್ ಹೇಳಿದಳು. ಆ ವೇಳೆಗೆ ನಿಧಾನಣ್ಣನನ್ನು ದೂರದ ಗಡಿಕಚೇರಿಗೆ ಎರವಲು ಕಳಿಸಲಾಗಿತ್ತು. ಲಾಗ್‌ಬುಕ್ ಮಾತ್ರ ವಿಚಾರಣೆಗೆ ಹಾಜರಾಯಿತು. ವರದಿಯಲ್ಲಿ ಬರೆದರು: ಎರಡು ಗುಂಪುಗಳ ನಡುವಿನ ಮಾರಾಮಾರಿ, ಅಧಿಕಾರಿಗಳಿಗೆ ಪೂರ್ವಮಾಹಿತಿ ಇರಲಿಲ್ಲ, ಸ್ಥಳದಲ್ಲಿ ಜೀಪ್ ಇರಲಿಲ್ಲ, ಗಾಯಾಳು ಶಿಕ್ಷಕಿಯ ಹೇಳಿಕೆ ತಲೆಗೆ ಬಿದ್ದ ಏಟಿನಿಂದ ಉಂಟಾದ ಭ್ರಮೆ. ಭ್ರಮೆ ಇರುವವರು ಮಕ್ಕಳಿಗೆ ಪಾಠ ಹೇಳಬಾರದೆಂದು ಶಾಲೆಯಿಂದಲೂ ಬಿಡಿಸಿದರು.

ಗಡಿಕಚೇರಿಯಿಂದ ಮರಳಿ ಕೆಲವು ವರ್ಷವಾದ ಮೇಲೆ ಒಂದು ಮಧ್ಯಾಹ್ನ ನಿಧಾನಣ್ಣ ಬಸ್ ನಿಲ್ದಾಣದ ಮುಂದೆ ಹೋಗುತ್ತಿದ್ದ. ಪಕ್ಕದಲ್ಲಿ ಸಾಹೇಬರು. ನಿಲ್ದಾಣದಲ್ಲಿ ಕಾಲೇಜು ಹುಡುಗರು ಒಬ್ಬ ಹೆಂಗಸಿನ ಸುತ್ತ ನಿಂತು, “ಟೀಚರ್, ಜೀಪ್ ಬಂತು! ಜೀಪ್ ಬಂತು!” ಎಂದು ಕೂಗಿ ನಗುತ್ತಿದ್ದರು. ಆ ಸಲ ನಿಜವಾಗಿಯೂ ಜೀಪ್ ಬಂದಿತ್ತು. ಅವನು ವೇಗ ತಗ್ಗಿಸಿದ. ಅವಳ ಕುರುಡುಗಣ್ಣು ರಸ್ತೆಯ ಕಡೆಗಿತ್ತು. ಅವಳು ತಿರುಗಲಿಲ್ಲ.

“ಯಾಕೆ ನಿಧಾನ?” ಎಂದರು ಸಾಹೇಬರು.

“ಏನಿಲ್ಲ ಸಾರ್. ಜನ ಅಡ್ಡ ಬಂದ್ರು.”

ಆ ದಿನ ಅವನು ಊಟದ ತಟ್ಟೆಯ ಮುಂದೆ ಕುಳಿತು ಹೆಂಡತಿಗೆ ಒಂದು ಮಾತು ಹೇಳಿದ. ಅಷ್ಟು ವರ್ಷ ಅದೊಂದನ್ನು ಹೇಳಿರಲಿಲ್ಲ. “ಅವರು ನನ್ನ ಕೈ ಹಿಡ್ಕೊಂಡಿದ್ದು ಎರಡೇ ನಿಮಿಷ ಕಣೇ. ಆಮೇಲೆ ಬೆವರು ಒರೆಸಿಕೊಳ್ಳೋಕೆ ಅಂತ ಬಿಟ್ರು. ಬಿಟ್ಟ ಮೇಲೂ ನಾನು ಹಾರನ್ ಹೊಡೀಲಿಲ್ಲ. ಕೈ ತೊಡೆ ಮೇಲೇ ಇತ್ತು.”

“ಹೊಡೆದಿದ್ರೆ ನಮ್ಮ ಗತಿ?” ಎಂದಿದ್ದಳು ಹೆಂಡತಿ. ಅವಳಿಗೆ ಬೇರೆ ಮಾತು ತೋಚಿರಲಿಲ್ಲ. ಅವನು ಹೂಂ ಎಂದು ತಟ್ಟೆ ಪಕ್ಕಕ್ಕೆ ಸರಿಸಿದ.

*

ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಬಿಳಿ ಅಂಗಿ, ಮಾಗಿದ ಮುಖ, ಯಾರನ್ನು ಕಂಡರೂ ಸ್ವಲ್ಪ ಬಾಗುವ ವಿನಯ. ಹೂವಿನ ಹಾರ ಹಿಡಿದು ಇಬ್ಬರು ಹಿಂದೆ ಬಂದರು. ಮಗ ಟೀಚರ್ ಕಡೆ ನೋಡಿದ. ಅವಳು ಕುರ್ಚಿಯಿಂದ ಏಳಲಿಲ್ಲ. ಇನ್ನೊಂದು ಕುರ್ಚಿಗೆ ಮಗ ಓಡಿದ.

“ಬೇಡ, ಬೇಡ. ಇವನ ಮುಂದೆ ನಾನು ನಿಂತೇ ಇರ್ತೀನಿ,” ಎಂದರು ಸಾಹೇಬರು. ಹಾರ ಇಟ್ಟು, ನೆರೆದವರ ಕಡೆ ತಿರುಗಿದರು. “ಹತ್ತೊಂಬತ್ತು ವರ್ಷ ನನ್ನ ಜೀಪ್ ಓಡಿಸಿದ. ಒಂದು ದಿನ ಎದುರು ಮಾತಾಡಿದವನಲ್ಲ. ನಾನು ಎಲ್ಲೆಲ್ಲಿ ಹೋದೆ, ಏನೇನು ನೋಡಿದೆ, ಅವನೊಬ್ಬನಿಗೇ ಗೊತ್ತು. ಒಂದು ಮಾತು ಹೊರಗೆ ಬರಲಿಲ್ಲ. ಅಂಥ ನಂಬಿಗಸ್ತರು ಈಗ ಸಿಗಲ್ಲ.”

“ಸೇತುವೆ ಹತ್ತಿರವೂ ಇವರೇ ಓಡಿಸಿದ್ರು ಅಲ್ವಾ ಸರ್?” ಎಂದಳು ಟೀಚರ್.

ಸಾಹೇಬರು ಅವಳ ಕಡೆ ನೋಡಿದರು. ಕಪ್ಪು ಗಾಜಿನ ಮೇಲೆ ಅವರ ನೋಟ ಒಂದು ಕ್ಷಣ ನಿಂತಿತು. ಮುಖದಲ್ಲಿ ಏನೂ ಕದಲಲಿಲ್ಲ.

“ಓ, ನೀವಾ ಟೀಚರ್? ಆರೋಗ್ಯ ಹೇಗಿದೆ?” ಎಂದರು, ನಿಜವಾದ ಕಾಳಜಿಯಿಂದಲೇ ಎಂಬಂತೆ. “ಆ ವಿಷಯ ವಿಚಾರಣೆಯಲ್ಲಿ ತೀರ್ಮಾನ ಆಗಿ ಎಷ್ಟು ವರ್ಷವಾಯ್ತು. ಅಲ್ಲಿ ಜೀಪ್ ಇರಲಿಲ್ಲ. ಸಾವಿನ ಮನೆಯಲ್ಲಿ ಯಾಕೆ ಈ ಮಾತು? ಪಾಪ, ಆಯಮ್ಮನಿಗೆ ನೋವಾಗುತ್ತೆ.” ಹೆಂಡತಿಯ ಕಡೆ ತಿರುಗಿದರು. “ಅಲ್ವೇನಮ್ಮ?”

ಅವಳು ತಲೆ ಎತ್ತಿದಳು. ಸಾಹೇಬರ ಹಿಂದೆ ನಿಂತಿದ್ದ ಮಗ ಬೇಡ ಎಂಬಂತೆ ತಲೆಯನ್ನು ತುಸುವೇ ಅಲ್ಲಾಡಿಸಿದ. ಮೆಕ್ಯಾನಿಕ್ ಚಪ್ಪಲಿ ಹುಡುಕುತ್ತಿದ್ದ. ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಎಲ್ಲರೂ ಇದೇ ಸಾಲುಮನೆಗಳವರು, ಎಲ್ಲರ ಮನೆಯ ಬೀಗದ ಕೈಯೂ ಇಲಾಖೆಯದು. ಹೂಂ ಎಂದರೆ ಸಾಕಿತ್ತು. ಹೂಂ ಅನ್ನದೆ ತಲೆ ತಗ್ಗಿಸಿದರೂ ಸಾಕಿತ್ತು.

“ಇತ್ತು ಸಾರ್,” ಎಂದಳು.

“ಏನು?”

“ಜೀಪ್ ಇತ್ತು. ಅದರ ಗಾಜಿನ ಮೇಲೆ ಟೀಚರ್ ಕೈಯ ರಕ್ತ ಇತ್ತು. ಇವರು ಉಜ್ಜಿದ್ರು. ನೀರು ಹುಯ್ದವಳು ನಾನು.”

ಟೀಚರ್ ಬಾಯಿಂದ ಒಂದು ಸದ್ದು ಬಂತು, ಕೆಮ್ಮಿನಂಥದು. 

ಸಾಹೇಬರು ಸಿಟ್ಟಾಗಲಿಲ್ಲ. ಮುಂದೆ ಬಂದು ಬಗ್ಗಿ, ಅವಳ ತಲೆಯ ಮೇಲೆ ಕೈಯಿಟ್ಟರು. “ಗಂಡನ್ನ ಕಳಕೊಂಡ ಆಘಾತ,” ಎಂದರು ಎಲ್ಲರಿಗೂ ಕೇಳಿಸುವಂತೆ. “ಇಂಥ ಹೊತ್ತಲ್ಲಿ ಇಲ್ಲದ್ದೆಲ್ಲ ಕಾಣುತ್ತೆ, ಯಾರೋ ಹೇಳಿಕೊಟ್ಟಿದ್ದು ನಿಜ ಅನ್ನಿಸುತ್ತೆ. ಏನಪ್ಪಾ, ನಿಮ್ಮಮ್ಮನಿಗೆ ಡಾಕ್ಟರ್ ಹತ್ತಿರ ಒಂದು ಮಾತ್ರೆ ಕೊಡಿಸಿ ಮಲಗಿಸು. ಒಬ್ಬರನ್ನೇ ಬಿಡಬೇಡ. ಯಾರ ಜೊತೆಗೂ ಜಾಸ್ತಿ ಮಾತಾಡೋಕೆ ಬಿಡಬೇಡ. ತಿಳೀತಾ?”

“ಹೂಂ ಸಾರ್,” ಎಂದ ಮಗ.

“ನಿನ್ನ ಕಾಯಂ ವಿಷಯ ಈ ವಾರ ನಾನೇ ವಿಚಾರಿಸ್ತೀನಿ.”

“ಹೂಂ ಸಾರ್.”

ಇಪ್ಪತ್ತೇಳು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಹೊರಗೆ ಬಂದು ಒಂದು ನಿಮಿಷವೂ ಆಗಿರಲಿಲ್ಲ, ಅದು ಕಾಯಿಲೆಯಾಗಿಹೋಗಿತ್ತು. ನೆರೆಹೊರೆಯ ಹೆಂಗಸರು ಅವಳನ್ನು ಮರುಕದಿಂದ ನೋಡುತ್ತಿದ್ದರು. ಒಬ್ಬಳು ನೀರು ತಂದುಕೊಟ್ಟಳು. ಟೀಚರ್ ಮಾತ್ರ ಅವಳನ್ನು ಬೇರೆ ಥರ ನೋಡುತ್ತಿದ್ದಳು. ಆ ಕಾಯಿಲೆ ಎಂಥದೆಂದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಎರಡು ಗಂಟೆಗೆ ವ್ಯಾನ್ ಬಂತು. ಸ್ಮಶಾನದಲ್ಲಿ ಮಣ್ಣು ಹಾಕುವ ಹೊತ್ತಿಗೆ ಮೆಕ್ಯಾನಿಕ್ ಅವಳ ಪಕ್ಕ ಬಂದು ನಿಂತ. ಬೆಳಿಗ್ಗೆಯ ತಮಾಷೆ ಮುಖದಲ್ಲಿ ಉಳಿದಿರಲಿಲ್ಲ.

“ಅತ್ತಿಗೆ, ನೀವು ಮೀಟರ್ ವಿಷಯ ಹೇಳಲಿಲ್ಲ.”

“ಅದು ನೀನು ಹೇಳಬೇಕಾದ್ದು.”

“ನನ್ನ ಮಗಳು ಈ ಆಫೀಸಲ್ಲೇ ಇದಾಳೆ ಅತ್ತಿಗೆ.” ಅವನು ಕೈಯ ಮಣ್ಣನ್ನು ಕೊಡವಿಕೊಂಡ. ಮತ್ತೆ ಕೊಡವಿಕೊಂಡ. “ನಿಮಗೆ ಗೊತ್ತಲ್ಲ.”

“ಗೊತ್ತು,” ಎಂದಳು. ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬೆಳಿಗ್ಗೆಯವರೆಗೆ ಅವಳೂ ಅದೇ ಆಗಿದ್ದಳು.

*

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಟೀಚರ್ ಮೆಟ್ಟಿಲ ಮೇಲೆ ಕುಳಿತು ಕಾಯುತ್ತಿದ್ದಳು. ಹೆಂಡತಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಮೇಜಿನ ಮೇಲಿದ್ದ ಪಾತ್ರೆಗಳನ್ನು ಪಕ್ಕಕ್ಕೆ ಸರಿಸಿದಳು. ಟೀಚರ್ ಅವಳ ಹೇಳಿಕೆ ಬರೆದುಕೊಳ್ಳಲು ಚೀಲದಿಂದ ಬಿಳಿ ಹಾಳೆ, ಪೆನ್ನು ತೆಗೆದಳು. ಹಾಳೆಗೆ ಮೂಗು ತಾಗುವಷ್ಟು ಬಗ್ಗಿ, ಒಂದೇ ಕಣ್ಣಿನಿಂದ ಬರೆಯತೊಡಗಿದಳು.

“ಎಷ್ಟು ಗಂಟೆ?”

“ಹನ್ನೊಂದೂವರೆ. ಪಕ್ಕದ ಶಾಲೆಯಲ್ಲಿ ಊಟದ ಗಂಟೆ ಇನ್ನೂ ಹೊಡೆದಿರಲಿಲ್ಲ.”

“ಎಷ್ಟು ಕೊಡ ನೀರು?”

“ಒಂದು ಕೊಡ. ಆಮೇಲೆ ಚೊಂಬಲ್ಲಿ.” ಸ್ವಲ್ಪ ತಡೆದು ಹೇಳಿದಳು. “ಹಾರನ್ ವಿಷಯಾನೂ ಬರ್ಕೊಳ್ಳಿ. ಸಾಹೇಬ್ರು ಕೈ ಬಿಟ್ಟ ಮೇಲೂ ಇವರು ಹೊಡೀಲಿಲ್ಲ. ಅದನ್ನೂ ಬರೀರಿ. ಬಿಡಬೇಡಿ.”

ಟೀಚರ್ ಪೆನ್ನು ನಿಂತಿತು.  ಆಮೇಲೆ ಅದನ್ನೂ ಬರೆದಳು.

ಮಗ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮಾತ್ರೆಯ ಪೊಟ್ಟಣವಿತ್ತು.

“ಅಮ್ಮಾ, ಇದಕ್ಕೆ ಸಹಿ ಹಾಕಿದ್ರೆ ಏನಾಗುತ್ತೆ ಗೊತ್ತಾ? ತಿಂಗಳೊಳಗೆ ಈ ಮನೆ ಖಾಲಿ ಮಾಡಿಸ್ತಾರೆ. ನಾನು ಎಲ್ಲಿಗೆ ಹೋಗ್ಲಿ?”

“ಗೊತ್ತಿಲ್ಲ ಕಣೋ.”

“ಯಾರು ನಂಬ್ತಾರೆ? ನಿನಗೂ ಹುಚ್ಚು ಅಂತಾರೆ. ಅಂದೇಬಿಟ್ರಲ್ಲ, ನನ್ನೆದುರಿಗೇ!”

“ನೀನು ಹೂಂ ಅಂದೆ,” ಎಂದಳು ತಾಯಿ. ಆಕ್ಷೇಪದ ದನಿಯಲ್ಲಲ್ಲ. “ನಿಮ್ಮಪ್ಪನೂ ಹಾಗೇ ಅಂತಿದ್ರು. ಥೇಟ್ ಅದೇ ದನಿ.”

ಮಗ ಮುಖ ತಿರುಗಿಸಿದ. ಟೀಚರ್ ಹಾಳೆಯನ್ನು ತಾಯಿಯ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಹೆಂಡತಿಗೆ ಸಹಿ ಹಾಕಿ ಅಭ್ಯಾಸವಿರಲಿಲ್ಲ. ಮೊದಲ ಅಕ್ಷರ ಬರೆಯುವಷ್ಟರಲ್ಲಿ ಫ್ಯಾನಿನ ಗಾಳಿಗೆ ಹಾಳೆ ಎದ್ದಿತು. ಸರಿಮಾಡಿಕೊಂಡು ಮತ್ತೆ ಪೆನ್ನು ಊರಿದಳು. ಮತ್ತೆ ಎದ್ದಿತು. ಫ್ಯಾನಿನ ಸ್ವಿಚ್ಚು ಮಗನ ಭುಜದ ಹಿಂದೆಯೇ ಇತ್ತು. ಅವನು ಆರಿಸಲಿಲ್ಲ.

ಅವನ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಶುರುವಾಯಿತು. ಯಾರದೆಂದು ಅವನು ತೆಗೆದು ನೋಡಲಿಲ್ಲ. ಎರಡು ಹೆಜ್ಜೆ ಮುಂದೆ ಬಂದು, ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡು, ಹಾಳೆಯ ಮೂಲೆಯ ಮೇಲೆ ಒಂದು ಬೆರಳು ಒತ್ತಿದ. ತಾಯಿ ಒಂದೊಂದೇ ಅಕ್ಷರ ಕೂಡಿಸಿಕೊಂಡು ಬರೆಯುತ್ತಾ ಹೋದಳು. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಬೆರಳಿನ ಉಗುರು ಬೆಳ್ಳಗಾಗಿತ್ತು.